ಗೋಣಿಯ ತೂಕ, ದೇವರ ಕ್ಷಮೆ

ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ದಾರಿಯಲ್ಲಿ ನಮ್ಮ ಅಪ್ಪನದೊಂದು ಅಡಿಕೆ ಅಂಗಡಿ ಇತ್ತು. ದೊಡ್ಡ ಮಂಡಿಯೇನಲ್ಲ. ಒಂದು ಜಗಲಿ, ತೊಲೆಗೆ ನೇತು ಹಾಕಿದ ತಕ್ಕಡಿ, ಹಿಂದೆ ಗೋಣಿ ಪೇರಿಸಲು ಒಂದು ಕತ್ತಲೆ ಕೋಣೆ, ಅಷ್ಟೆ. 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಶುರುವಾದ ಮೇಲೆ ತೋಟ ಇದ್ದವರಲ್ಲಿ ಅನುಕೂಲಸ್ಥರು ಆ ಕಡೆ ಹೋದರು. ನಮ್ಮಲ್ಲಿಗೆ ಬರುತ್ತಿದ್ದವರು ಸಣ್ಣವರು. ಆಟಿ ತಿಂಗಳ ಮಳೆಯಲ್ಲಿ ಅಕ್ಕಿಗೋ ಗೊಬ್ಬರಕ್ಕೋ ಮುಂಗಡ ಬೇಕಾದವರು. ಮುಂಗಡ ತೆಗೆದುಕೊಂಡವನು ಅಡಿಕೆಯನ್ನು ಬೇರೆ ಕಡೆ ಹಾಕುವ ಹಾಗಿಲ್ಲ ಎಂದು ಎಲ್ಲೂ ಬರೆದಿರಲಿಲ್ಲ. ಆದರೆ ಯಾರೂ ಹಾಕುತ್ತಿರಲಿಲ್ಲ.

ಅಡಿಕೆ ವ್ಯಾಪಾರ ಗೊತ್ತಿದ್ದವರಿಗೆ ಗೋಣಿಯ ಕಳಿತ ಅಂದರೆ ವಿವರಿಸಿ ಹೇಳಬೇಕಾಗಿಲ್ಲ. ಒಟ್ಟು ತೂಕದಲ್ಲಿ ಗೋಣಿಯ ತೂಕ ಕಳೆದು ಉಳಿದದ್ದಕ್ಕೆ ದುಡ್ಡು. ನಮ್ಮ ಗೋಣಿಗಳು ಒಂದೊಂದು ಸುಮಾರು 800 ಗ್ರಾಂ ತೂಗುತ್ತಿದ್ದವು. ಅಪ್ಪ ಲೆಕ್ಕಕ್ಕೆ ಸುಲಭ ಎಂದು ಒಂದು ಕಿಲೊ ಕಳೆಯುತ್ತಿದ್ದರು. 1982ರಲ್ಲಿ ಅಪ್ಪನಿಗೆ ಕಾಲು ಬಾತು ಅಂಗಡಿಗೆ ಬರುವುದು ಕಡಿಮೆಯಾದ ಮೇಲೆ ತಕ್ಕಡಿಯ ಮುಂದೆ ಕೂತವನು ನಾನು. ಆಗ ನನಗೆ ಇಪ್ಪತ್ತೊಂದು. ಒಂದನ್ನು ಎರಡು ಮಾಡಿದವನೂ ನಾನೇ.

ಕೇಳಿದವರಿಗೆ "ಈಗಿನ ಗೋಣಿ ದಪ್ಪ ಉಂಟಲ್ಲ, ಮಳೆಯ ತೇವ ಬೇರೆ" ಎನ್ನುತ್ತಿದ್ದೆ. ಕೇಳಿದವರೇ ಕಡಿಮೆ. ನಾಲ್ಕು ಹಂಗಾಮು ಹೀಗೆ ನಡೆಯಿತು. 1986ರಲ್ಲಿ ನಾನು ಬೇರೆ ಕೆಲಸ ಹಿಡಿದೆ, 1989ರಲ್ಲಿ ಅಪ್ಪ ತೀರಿಕೊಂಡರು, ಅಂಗಡಿ ಮುಚ್ಚಿತು. ಗೋಣಿಯ ವಿಷಯ ನಾನು ಮರೆತೆ ಎಂದರೆ ಸುಳ್ಳು. ಮರೆತಿರಲಿಲ್ಲ, ಮುಚ್ಚಿಟ್ಟಿದ್ದೆ.

ನಮ್ಮದು ಕೊಂಕಣಿ ಮಾತಾಡುವ ಕ್ರಿಸ್ತುವರ ಮನೆ. ಶಾಲೆ ಕನ್ನಡ, ಪೇಟೆ ತುಳು, ಕಚೇರಿ ಮಲಯಾಳ. 1956ರಲ್ಲಿ ನಮ್ಮ ತಾಲೂಕು ಕೇರಳಕ್ಕೆ ಹೋಯಿತು. ನಮ್ಮ ಕಡೆಯ ಇಗರ್ಜಿಗಳು ಮಾತ್ರ ಮಂಗಳೂರು ಧರ್ಮಪ್ರಾಂತ್ಯದಲ್ಲೇ ಉಳಿದವು, ಇವತ್ತಿಗೂ ಹಾಗೆಯೇ ಇವೆ. ತೆರಿಗೆಗೆ ತಿರುವನಂತಪುರ, ಬಿಷಪರಿಗೆ ಮಂಗಳೂರು. ಇಂಥ ಮನೆಯಲ್ಲಿ ಹುಟ್ಟಿದವನು ವರ್ಷಕ್ಕೆ ಒಂದು ಸಲವಾದರೂ ಪಾಪನಿವೇದನೆ ಮಾಡಲೇಬೇಕು. ಇದು ನಮ್ಮ ಊರಿನ ಕಟ್ಟಳೆಯಲ್ಲ, 1215ರಲ್ಲಿ ರೋಮಿನ ಲ್ಯಾಟೆರನ್ ಸಭೆ ಇಡೀ ಪಶ್ಚಿಮದ ಸಭೆಗೆ ಹಾಕಿದ ನಿಯಮ. ನಾನೂ ಪ್ರತಿ ವರ್ಷ ಈಸ್ಟರಿನ ಮುಂಚೆ ಮೊಣಕಾಲೂರಿ, ಜಾಲರಿಯ ಆಚೆ ಕೂತ ಗುರುಗಳಿಗೆ "ಸುಳ್ಳು ಹೇಳಿದೆ, ಸಿಟ್ಟು ಮಾಡಿದೆ, ಪೂಜೆ ತಪ್ಪಿಸಿದೆ" ಎಂದು ಪಟ್ಟಿ ಒಪ್ಪಿಸುತ್ತಿದ್ದೆ. "ವ್ಯಾಪಾರದಲ್ಲಿ ಸ್ವಲ್ಪ ಹೆಚ್ಚುಕಡಿಮೆ" ಎಂದು ಅದರ ಮಧ್ಯೆ ಒಂದು ಮಾತು ತೂರಿಸುವುದೂ ಇತ್ತು. ಅವರು ಮೂರು ನಮೋ ಮರಿಯ ಹೇಳು ಎನ್ನುತ್ತಿದ್ದರು. ಹೇಳಿ ಮನೆಗೆ ಬಂದು ಊಟ ಮಾಡುತ್ತಿದ್ದೆ.

1994ರ ಪವಿತ್ರ ವಾರದಲ್ಲಿ ನಮ್ಮ ಇಗರ್ಜಿಗೆ ಪಾಪನಿವೇದನೆ ಕೇಳಲು ಹೊರಗಿನಿಂದ ಒಬ್ಬ ವಯಸ್ಸಾದ ಗುರುಗಳು ಬಂದಿದ್ದರು. ಗುರುಗಳು ಕೇಳಿದ್ದನ್ನು ಸಾಯುವ ತನಕ ಯಾರಿಗೂ ಹೇಳುವಂತಿಲ್ಲ; ಹೇಳಿದರೆ ಅವರನ್ನೇ ಸಭೆಯಿಂದ ಹೊರಗಿಡುವಷ್ಟು ದೊಡ್ಡ ಅಪರಾಧ. ಪಾಪ ಮಾಡಿದವನ ಬಾಯಿಗೆ ಆ ಬೀಗವಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

"ವ್ಯಾಪಾರದಲ್ಲಿ ಸ್ವಲ್ಪ ಹೆಚ್ಚುಕಡಿಮೆ" ಎಂದೆ.

"ಹೆಚ್ಚು ಯಾರಿಗೆ, ಕಡಿಮೆ ಯಾರಿಗೆ?" ಎಂದು ಅವರು ಕೇಳಿದರು.

ಅಷ್ಟು ವರ್ಷದಲ್ಲಿ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ತಡವರಿಸುತ್ತಾ ಗೋಣಿಯ ಕಥೆ ಹೇಳಿದೆ. ಅವರೂ ಯಾವುದೋ ತೋಟದ ಮನೆಯವರೇ ಇರಬೇಕು. ಗೋಣಿಗೆ ಎಷ್ಟು ಸಿಕ್ಕಿತು, ಎಷ್ಟು ಜನ, ಪುಸ್ತಕ ಉಂಟಾ ಎಂದು ಒಂದೊಂದಾಗಿ ವಿಚಾರಿಸಿದರು. ಅಪ್ಪನ ಕಿರ್ದಿ ಪುಸ್ತಕ ಅಟ್ಟದಲ್ಲಿ ಉಂಟು ಎಂದೆ. ನಮೋ ಮರಿಯ ಬರಲಿಲ್ಲ. "ದೇವರು ನಿನ್ನನ್ನು ಕ್ಷಮಿಸುತ್ತಾನೆ, ಅದರಲ್ಲಿ ನಿನಗೆ ಸಂಶಯ ಬೇಡ. ಆದರೆ ಅಡಿಕೆ ದೇವರದ್ದಲ್ಲ. ಯಾರದ್ದೋ ಅವರಿಗೆ ಹೋಗಬೇಕು. ಹೋಗಿ ಕೊಡುತ್ತೇನೆ ಅಂತ ಮನಸ್ಸು ಉಂಟಾ?" ಎಂದರು. ಉಂಟು ಎಂದೆ. ಕೈಯೆತ್ತಿ ಪಾಪವಿಮೋಚನೆಯ ಮಾತು ಹೇಳಿ ಕಳಿಸಿದರು.

ಈ ಕ್ರಮವನ್ನು ಗಮನಿಸಬೇಕು. ಮೊದಲು ದುಡ್ಡು ಕೊಟ್ಟು ಬಾ, ಆಮೇಲೆ ಕ್ಷಮೆ ಎಂದು ಅವರು ಹೇಳಲಿಲ್ಲ. ಕ್ಷಮೆ ಅಲ್ಲೇ ಸಿಕ್ಕಿತು, ಕೈಬೀಸಿ ಹೋಗಲು ಮಾತ್ರ ಬಿಡಲಿಲ್ಲ. ಇದು ಆ ಗುರುಗಳ ಸ್ವಂತ ಯೋಚನೆಯೂ ಅಲ್ಲ. 1992ರಲ್ಲಿ ರೋಮಿನಿಂದ ಹೊರಟ ಕಥೋಲಿಕ ಧರ್ಮೋಪದೇಶ ಗ್ರಂಥದಲ್ಲಿ ಇದೇ ತಿಳುವಳಿಕೆ ಇದೆ: ವಿಮೋಚನೆಯ ಮಾತು ಪಾಪವನ್ನು ತೆಗೆಯುತ್ತದೆ, ಪಾಪದಿಂದ ಆದ ಹಾಳನ್ನೆಲ್ಲ ತಾನಾಗಿ ಸರಿ ಮಾಡುವುದಿಲ್ಲ, ಕದ್ದದ್ದನ್ನು ಹಿಂದೆ ಕೊಡಬೇಕು, ಕೆಡಿಸಿದ ಹೆಸರನ್ನು ನೆಟ್ಟಗೆ ಮಾಡಬೇಕು.

ನಮ್ಮ ಹಿಂದೂ ನೆರೆಯವರಿಗೂ ಮುಸಲ್ಮಾನ ನೆರೆಯವರಿಗೂ ಕ್ರಿಸ್ತುವರ ಬಗ್ಗೆ ಒಂದು ತಮಾಷೆಯ ಅಭಿಪ್ರಾಯ ಇರುವುದು ನನಗೆ ಗೊತ್ತು. "ನಿಮಗೆಂತ ಪೊರ್ಬುಗಳೇ, ಶನಿವಾರದ ತನಕ ಏನು ಬೇಕಾದರೂ ಮಾಡಬಹುದು, ಆದಿತ್ಯವಾರ ಪಾದ್ರಿಗಳ ಕಿವಿಯಲ್ಲಿ ಹೇಳಿದರೆ ಮುಗೀತು." ಇದಕ್ಕೆ ಅವಕಾಶ ಕೊಟ್ಟವರು ನಾವೇ. ಮೂರು ನಮೋ ಮರಿಯಕ್ಕೆ ಅರವತ್ತು ಕಿಲೊ ಅಡಿಕೆ ತೀರಿಸಿದವನು ನಾನೇ ಇದ್ದೆನಲ್ಲ. ಆದರೆ ಬೈಬಲನ್ನು ತೆರೆದು ನೋಡಿದರೆ ಅಲ್ಲಿ ಲೆಕ್ಕ ಬಹಳ ಬಿಗಿ. ಮೋಶೆಯ ಕಾಲದ ಯಾಜಕಕಾಂಡ ಹೇಳುವ ಪ್ರಕಾರ, ಮೋಸದಿಂದ ತೆಗೆದುಕೊಂಡವನು ಮೂಲವನ್ನು ಪೂರ್ತಿ ಹಿಂದೆ ಕೊಟ್ಟು ಅದರ ಮೇಲೆ ಐದನೆಯ ಒಂದು ಪಾಲು ಸೇರಿಸಿ, ಯಾರಿಗೆ ಸೇರಬೇಕೋ ಅವನ ಕೈಗೇ ಕೊಡಬೇಕು. ಆಮೇಲೆ ದೇವರಿಗೆ ಬಲಿ. ಕುರಿ ಕದ್ದು ಕೊಂದವನು ಒಂದಕ್ಕೆ ನಾಲ್ಕು, ಎತ್ತಿಗೆ ಐದು ಕೊಡಬೇಕೆಂದು ವಿಮೋಚನಕಾಂಡ. ನೆರೆಯವನ ಗಡಿಕಲ್ಲು ಸರಿಸಿದವನಿಗೆ ಧರ್ಮೋಪದೇಶಕಾಂಡದಲ್ಲಿ ಶಾಪ. ಕಳ್ಳ ತಕ್ಕಡಿ ದೇವರಿಗೆ ಅಸಹ್ಯ ಎಂಬ ಮಾತು ಜ್ಞಾನೋಕ್ತಿಗಳಲ್ಲಿದೆ. ತಕ್ಕಡಿ, ಕುರಿ, ಎತ್ತು, ಗಡಿಕಲ್ಲು ಎಂದರೆ ಇದು ರೈತರಿಗೂ ವ್ಯಾಪಾರಿಗಳಿಗೂ ಬರೆದ ಪುಸ್ತಕವೇ ಸರಿ. ಯೆಹೂದ್ಯರಲ್ಲಿ ವರ್ಷಕ್ಕೊಮ್ಮೆ ದೋಷಪರಿಹಾರದ ದಿನ ಉಪವಾಸ ಮಾಡುತ್ತಾರೆ. ಮನುಷ್ಯ ದೇವರಿಗೆ ಮಾಡಿದ ತಪ್ಪಿಗೆ ಆ ದಿನ ಪರಿಹಾರ ಉಂಟು, ಮನುಷ್ಯ ಮನುಷ್ಯನಿಗೆ ಮಾಡಿದ ತಪ್ಪಿಗೆ ಆ ಮನುಷ್ಯನನ್ನು ಸಮಾಧಾನ ಮಾಡುವ ತನಕ ಪರಿಹಾರ ಇಲ್ಲ ಎಂದು ಅವರ ಹಿಂದಿನ ಗುರುಗಳು ಕಟ್ಟುನಿಟ್ಟಾಗಿ ಹೇಳಿಟ್ಟಿದ್ದಾರೆ. ಯೇಸುವೂ ಅದೇ ನಾಡಿನವನು. ಬಲಿಪೀಠದ ಮುಂದೆ ಕಾಣಿಕೆ ಹಿಡಿದು ನಿಂತಾಗ ಸಹೋದರನಿಗೆ ನಿನ್ನ ಮೇಲೆ ದೂರು ಇದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವನ ಹತ್ತಿರ ಹೋಗು ಎಂದು ಅವನು ಬೆಟ್ಟದ ಮೇಲೆ ಕಲಿಸಿದ್ದನ್ನು ಮತ್ತಾಯ ಬರೆದಿದ್ದಾನೆ.

ಆದರೂ ಕ್ರಿಸ್ತೀಯ ಕ್ಷಮೆಯ ವಿಚಾರ ಈ ಲೆಕ್ಕದಲ್ಲಿ ಮುಗಿಯುವುದಿಲ್ಲ. ಲೂಕನ ಸುವಾರ್ತೆಯಲ್ಲಿ ಜಕ್ಕಾಯ ಎಂಬವನ ಕಥೆ ಬರುತ್ತದೆ. ಯೆರಿಕೋ ಪಟ್ಟಣದ ಸುಂಕದವರ ಮುಖಂಡ, ಗಿಡ್ಡ ಆಳು, ಊರಿನವರು ಮುಖ ತಿರುಗಿಸುವಂಥ ಮನುಷ್ಯ. ಯೇಸು ಹೋಗುವುದನ್ನು ನೋಡಲು ಅತ್ತಿ ಜಾತಿಯ ಒಂದು ಮರ ಹತ್ತಿ ಕೂತಿದ್ದ. ಯೇಸು ಕೆಳಗೆ ನಿಂತು, ಇಳಿದು ಬಾ, ಇವತ್ತು ನಿನ್ನ ಮನೆಯಲ್ಲೇ ಇರುತ್ತೇನೆ ಎಂಬರ್ಥದಲ್ಲಿ ಕರೆದ. ಕರೆಯುವ ಮೊದಲು ಲೆಕ್ಕ ಕೇಳಲಿಲ್ಲ. ಊರಿನವರು ಗೊಣಗಿದರು. ಆಮೇಲೆ ಜಕ್ಕಾಯನೇ ಎದ್ದು ನಿಂತು, ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ತೆಗೆದುಕೊಂಡದ್ದಿದ್ದರೆ ಒಂದಕ್ಕೆ ನಾಲ್ಕು ಎಂದ. ನಾನು ಇದನ್ನು ಚಿಕ್ಕಂದಿನಿಂದ ಎಷ್ಟೋ ಸಲ ಕೇಳಿದ್ದೆ. ಇವನು ಕೊಟ್ಟದ್ದರಿಂದ ಯೇಸು ಮನೆಗೆ ಬಂದನೆಂದೇ ತಿಳಿದಿದ್ದೆ. ಕಥೆ ಇರುವುದು ತಿರುಗಿ: ಅವನು ಮನೆಗೆ ಬಂದದ್ದರಿಂದ ಇವನ ಕೈ ಬಿಚ್ಚಿತು. ಅದೇ ಸುವಾರ್ತೆಯಲ್ಲಿ ತಪ್ಪಿ ಹೋದ ಮಗನ ಕಥೆಯಲ್ಲೂ ಹೀಗೆಯೇ. ಮಗ ದಾರಿಯುದ್ದಕ್ಕೂ ಒಂದು ಮಾತು ಕಟ್ಟಿಕೊಂಡು ಬರುತ್ತಾನೆ, ನನ್ನನ್ನು ಕೂಲಿಯಾಳಾಗಿ ಇಟ್ಟುಕೋ ಎಂದು ಕೇಳಬೇಕೆಂದು. ಮುದುಕ ಅಪ್ಪ ದೂರದಿಂದಲೇ ಕಂಡು ಓಡಿ ಬಂದು ತಬ್ಬಿಕೊಳ್ಳುತ್ತಾನೆ. ಆ ಕೂಲಿಯ ಮಾತು ಮಗನ ಬಾಯಿಂದ ಹೊರಡುವುದೇ ಇಲ್ಲ.

ಲೂಕನಿಗೂ ನಮ್ಮ ಗಡಿಗೂ ಒಂದು ಸಂಬಂಧ ಇದೆ. ನೀಲಗಿರಿಯ ಬಡಗ ಮಾತಿನಲ್ಲಿ ಅವನ ಸುವಾರ್ತೆಯನ್ನು ಬಾಸೆಲ್ ಮಿಶನಿನವರು 1890ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು, ಕನ್ನಡ ಲಿಪಿಯಲ್ಲಿ. ಜಕ್ಕಾಯನೂ ತಪ್ಪಿ ಹೋದ ಮಗನೂ ಬೆಟ್ಟ ಹತ್ತಿದ್ದು ಹಾಗೆ. ಆದರೆ ಪಾಪದ ಪಟ್ಟಿಯನ್ನು ಬಡಗರಿಗೆ ಮಿಶನರಿಗಳು ಕಲಿಸಬೇಕಾಗಿರಲಿಲ್ಲ. ಅವರಲ್ಲಿ ಸತ್ತವರ ಉತ್ತರಕ್ರಿಯೆಯಲ್ಲಿ ಹಿರಿಯನೊಬ್ಬ ನಿಂತು ಸತ್ತವನು ಮಾಡಿರಬಹುದಾದ ಪಾಪಗಳನ್ನೆಲ್ಲ ಒಂದೊಂದಾಗಿ ಕೂಗಿ ಹೇಳುವ ಕ್ರಮ ಹಿಂದಿನಿಂದ ಇತ್ತು. ಹಾವು ಕೊಂದದ್ದು, ಹಲ್ಲಿ ಕೊಂದದ್ದು, ನೆರೆಯವನ ಗಡಿಕಲ್ಲು ಸರಿಸಿದ್ದು ಎಲ್ಲ ಅದರಲ್ಲಿ ಬರುತ್ತದೆ. ಪಾಪವನ್ನೆಲ್ಲ ಒಂದು ಕರುವಿನ ಮೇಲೆ ಹಾಕಿ ಆ ಕರುವನ್ನು ಬಿಟ್ಟುಬಿಡುವುದು. 1871ರಲ್ಲಿ ಚಾರ್ಲ್ಸ್ ಗೋವರ್ ಎಂಬಾತ ದಕ್ಷಿಣ ಭಾರತದ ಜನಪದ ಹಾಡುಗಳ ತನ್ನ ಪುಸ್ತಕದಲ್ಲಿ ಇದನ್ನು ಸೇರಿಸಿದ್ದಾನೆ. ಯಾಜಕಕಾಂಡ ಓದಿದವರಿಗೆ ಇದು ತಟ್ಟನೆ ನೆನಪಾಗುತ್ತದೆ; ಅಲ್ಲಿಯೂ ಮಹಾಯಾಜಕ ಒಂದು ಹೋತದ ತಲೆಯ ಮೇಲೆ ಕೈಯಿಟ್ಟು ಜನರ ಪಾಪಗಳನ್ನು ಹೇಳಿ ಅದನ್ನು ಕಾಡಿಗೆ ಅಟ್ಟಿಸುತ್ತಾನೆ. ಯೆರೂಸಲೇಮಿನಲ್ಲೂ ಗಡಿಕಲ್ಲು, ಊಟಿಯ ಬೆಟ್ಟದಲ್ಲೂ ಗಡಿಕಲ್ಲು. ಮನುಷ್ಯನ ಕೈ ಎಲ್ಲಿ ಹೋಗುತ್ತದೆಂದು ಎಲ್ಲರಿಗೂ ಗೊತ್ತಿತ್ತು ಎಂದಾಯಿತು.

ಕ್ಷಮೆ ಪುಕ್ಕಟೆಯೋ, ಬೆಲೆಯದ್ದೋ ಎಂಬ ಪ್ರಶ್ನೆಯ ಮೇಲೆ ಯುರೋಪಿನ ಸಭೆ ಎರಡಾದದ್ದು ಓದಿದವರಿಗೆ ಗೊತ್ತಿದೆ. ಮೊದಮೊದಲ ಶತಮಾನಗಳಲ್ಲಿ ದೊಡ್ಡ ಪಾಪ ಮಾಡಿದವನು ಎಲ್ಲರ ಎದುರು ಪ್ರಾಯಶ್ಚಿತ್ತ ಮಾಡಬೇಕಿತ್ತು, ಅದೂ ಜೀವಮಾನದಲ್ಲಿ ಒಂದೇ ಸಲ. ಆಮೇಲೆ ಐರ್ಲೆಂಡಿನ ಸಂನ್ಯಾಸಿಗಳು ಗುಟ್ಟಾಗಿ, ಬೇಕಾದಷ್ಟು ಸಲ ಮಾಡುವ ಕ್ರಮ ತಂದರು. ಇಂಥ ಪಾಪಕ್ಕೆ ಇಷ್ಟು ದಿನ ಉಪವಾಸ ಎಂದು ದರಪಟ್ಟಿಯಂಥ ಪುಸ್ತಕಗಳನ್ನೇ ಬರೆದರು. ದರಪಟ್ಟಿ ಬಂದ ಕಡೆ ದಲ್ಲಾಳಿ ಬರುವುದು ತಡವಾಗುವುದಿಲ್ಲ. 16ನೇ ಶತಮಾನದ ಆರಂಭದಲ್ಲಿ ಜರ್ಮನಿಯಲ್ಲಿ ಟೆಟ್ಸೆಲ್ ಎಂಬ ಸಂನ್ಯಾಸಿ ದುಡ್ಡಿಗೆ ಪಾಪದಂಡದ ವಿನಾಯಿತಿ ಪತ್ರಗಳನ್ನು ಹಂಚುತ್ತಿದ್ದ. ಅದನ್ನು ನೋಡಿ ಸಿಟ್ಟಾದ ಮಾರ್ಟಿನ್ ಲೂಥರ್ 1517ರಲ್ಲಿ 95 ವಾಕ್ಯಗಳ ಆಕ್ಷೇಪ ಬರೆದ. ಅದರ ಮೊದಲನೆಯದೇ ಪಶ್ಚಾತ್ತಾಪದ ಬಗ್ಗೆ: ಅದು ಒಂದು ದಿನದ ಕೆಲಸವಲ್ಲ, ವಿಶ್ವಾಸಿಯ ಇಡೀ ಬದುಕೇ ಪಶ್ಚಾತ್ತಾಪವಾಗಬೇಕು ಎಂಬ ಅಭಿಪ್ರಾಯ. ನಮ್ಮ ಬಾಸೆಲ್ ಮಿಶನ್ ಸಭೆಯ ಗೆಳೆಯರು ಪಾದ್ರಿಯ ಕಿವಿಗೆ ಹೇಳುವುದಿಲ್ಲ, ಆರಾಧನೆಯಲ್ಲಿ ಎಲ್ಲರೂ ಒಟ್ಟಿಗೆ ದೇವರಿಗೆ ಅರಿಕೆ ಮಾಡುತ್ತಾರೆ. ನಾವು ಜಾಲರಿಯ ಹಿಂದೆ ಹೇಳುತ್ತೇವೆ. ಆದರೆ ಗೋಣಿಯ ವಿಷಯ ಅವರಲ್ಲಿ ಒಬ್ಬರ ಹತ್ತಿರ ಹೇಳಿದಾಗ, "ನಮ್ಮ ಅಯ್ಯನವರಾದರೂ ಹಿಂದೆ ಕೊಡು ಅಂತಲೇ ಹೇಳುತ್ತಿದ್ದರು ಮಾರಾಯ" ಎಂದರು.

ಇನ್ನೊಂದು ಮಾತು. ಪಶ್ಚಾತ್ತಾಪ ಎಂಬ ಶಬ್ದದಲ್ಲಿ ತಾಪ ಇದೆ, ಆಮೇಲೆ ಬರುವ ಸುಡುವಿಕೆ. ಸುವಾರ್ತೆಯ ಗ್ರೀಕಿನಲ್ಲಿರುವುದು ಮೆತಾನೊಯ, ಅಂದರೆ ಮನಸ್ಸು ಬೇರೆಯಾಗುವುದು. ಹಳೆಯ ಒಡಂಬಡಿಕೆಯ ಹೀಬ್ರೂವಿನಲ್ಲಿ ಹಿಂತಿರುಗುವುದು. 1810ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸ್ ಮತ್ತು ಅವನ ಪಂಡಿತರು ದುಡಿದು, 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಯಿತು. ಅಂದಿನಿಂದ ನಮ್ಮ ಅನುವಾದಗಳಲ್ಲಿ ಮಾನಸಾಂತರ, ದೇವರ ಕಡೆಗೆ ತಿರುಗಿಕೊಳ್ಳುವುದು ಎಂಬ ಮಾತುಗಳು ಬಳಕೆಗೆ ಬಂದಿವೆ. ನನಗೆ ಈ ತಿರುಗಿಕೊಳ್ಳುವುದು ಎಂಬುದೇ ಸರಿ ಕಾಣುತ್ತದೆ. ಎಂಟು ವರ್ಷ ನನಗೆ ತಾಪ ಇತ್ತು. ತಾಪ ಇದ್ದವನು ಕೂತಲ್ಲೇ ಕೂತಿರಬಹುದು.

ಇರಲಿ. ಈಸ್ಟರ್ ಕಳೆದ ವಾರ ಕಿರ್ದಿ ಪುಸ್ತಕ ಇಳಿಸಿದೆ. ಹನ್ನೊಂದು ಹೆಸರು. ಅದರಲ್ಲಿ ಎಲ್ಲರಿಗಿಂತ ಹೆಚ್ಚು ಗೋಣಿ ಹಾಕಿದವರು ಗುಡ್ಡದ ಆಚೆಯ ಒಬ್ಬ ಹಿರಿಯರು. ನಾಲ್ಕು ಹಂಗಾಮಿನಲ್ಲಿ 50 ಗೋಣಿ. ಗೋಣಿಗೆ 1 ಕಿಲೊ 200 ಗ್ರಾಂನಂತೆ 60 ಕಿಲೊ. ಮೋಶೆಯ ಐದನೆಯ ಪಾಲು 12. ಒಟ್ಟು 72 ಕಿಲೊ ಚಾಲಿ ಅಡಿಕೆ. ಅಂದಿನ ದರ ಹಾಕಬೇಕೋ ಇಂದಿನ ದರ ಹಾಕಬೇಕೋ ಎಂದು ಒಂದು ರಾತ್ರಿ ನನ್ನೊಳಗೇ ವ್ಯಾಪಾರ ನಡೆಯಿತು. ಕಡೆಗೆ, ನಾನು ತೆಗೆದದ್ದು ದುಡ್ಡಲ್ಲ, ಅಡಿಕೆ ಎಂದುಕೊಂಡು ಆ ವಾರದ ದರ ಹಾಕಿದೆ. ಈ ಒಂದು ನಿರ್ಧಾರಕ್ಕೆ ನನಗೆ ಪಾಪನಿವೇದನೆಗಿಂತ ಹೆಚ್ಚು ಬೆವರು ಬಂತು ಎಂದು ಹೇಳಲು ನಾಚಿಕೆಯಿಲ್ಲ.

ಹೋದೆ. ಹಿರಿಯರು ಎರಡು ವರ್ಷದ ಹಿಂದೆಯೇ ತೀರಿಕೊಂಡಿದ್ದರು. ಮನೆಯಲ್ಲಿ ಅವರ ಹೆಂಡತಿ ಮಾತ್ರ ಇದ್ದರು, ಅಂಗಳದಲ್ಲಿ ಅಡಿಕೆ ಸುಲಿಯುತ್ತಾ. ಗುರುತು ಹಿಡಿದು ಚಾಪೆ ಹಾಕಿ, ಬೆಲ್ಲ ನೀರು ತಂದಿಟ್ಟರು. ಪಾಪವನ್ನು ನಾನು ಕೊಂಕಣಿಯಲ್ಲಿ ಒಪ್ಪಿಕೊಂಡಿದ್ದೆ. ಇಲ್ಲಿ ತುಳುವಿನಲ್ಲಿ ಹೇಳಬೇಕಿತ್ತು. ದೇವರಿಗೆ ಎಲ್ಲ ಭಾಷೆ ಬರುತ್ತದೆ, ಹೇಳಲಾಗದಿದ್ದರೂ ತಿಳಿಯುತ್ತದೆ. ಈ ಅಕ್ಕನಿಗೆ ನಾನು ಬಾಯಿಬಿಟ್ಟು ಹೇಳದೆ ಗತಿ ಇರಲಿಲ್ಲ. ಹೇಳಿದೆ.

ಅವರು ಮೆಟ್ಟುಕತ್ತಿ ಬಿಟ್ಟು ಏಳಲಿಲ್ಲ. "ಅವರಿಗೆ ಗೊತ್ತಿತ್ತು" ಎಂದರು. "ಮನೆಯಲ್ಲಿ ತೂಗಿಯೇ ತರುತ್ತಿದ್ದದ್ದು. ನಿಮ್ಮ ಅಪ್ಪ ಒಂದು ಕಿಲೊ ಹೊಡೀತಿದ್ದರು, ನೀವು ಕೂತ ಮೇಲೆ ಎರಡು."

"ಗೊತ್ತಿದ್ದೂ ಯಾಕೆ ಹೇಳಲಿಲ್ಲ ಅಕ್ಕ?"

"ಹೇಳಿದರೆ ಆಟಿಯಲ್ಲಿ ಅಕ್ಕಿಗೆ ಯಾರ ಹತ್ರ ಹೋಗುದು?"

ನನ್ನ ಪಾಪದ ಪಟ್ಟಿಯಲ್ಲಿ ಅದು ಇರಲೇ ಇಲ್ಲ. ಗೋಣಿಗೆ ಒಂದೂಕಾಲು ಕಿಲೊ ಕದ್ದದ್ದು ಇತ್ತು. ಮುಂಗಡದ ಹಗ್ಗದಲ್ಲಿ ಒಬ್ಬ ಮರ್ಯಾದಸ್ಥನ ಬಾಯಿ ಕಟ್ಟಿದ್ದು ನನಗೆ ಪಾಪವೆಂದು ಕಂಡಿರಲಿಲ್ಲ, ಅದು ವ್ಯಾಪಾರ ಎಂದೇ ತಿಳಿದಿದ್ದೆ.

ನೋಟಿನ ಕಟ್ಟನ್ನು ಮುಂದಿಟ್ಟೆ. "ಇದೆಂತ ಇಷ್ಟು?" ಎಂದು ಕೇಳಿ ಲೆಕ್ಕ ಹೇಳಿಸಿದರು. 60 ಕಿಲೊ ಆಗಬಹುದು ಎಂದು ಒಪ್ಪಿಕೊಂಡರು. ಉಳಿದ 12 ಕಿಲೊದ ದುಡ್ಡು ತೆಗೆದು ನನ್ನ ಕಡೆ ಸರಿಸಿದರು. "ಇದು ನಮ್ಮ ಅಡಿಕೆ ಅಲ್ಲ."

"ಅಲ್ಲ ಅಕ್ಕ, ನಮ್ಮ ಬೈಬಲಿನಲ್ಲಿ ಹಾಗೆ ಕ್ರಮ ಉಂಟು."

"ಅದು ನಿಮ್ಮ ಕ್ರಮ. ನನಗೆ ಬೇಡ." ಆಮೇಲೆ ಸ್ವಲ್ಪ ಹೊತ್ತು ಸುಲಿದು, "ನಿಮ್ಮಲ್ಲಿ ತಪ್ಪುಕಾಣಿಕೆ ಇಲ್ವಾ? ಡಬ್ಬಿಗೆ ಹಾಕಿದ್ರೆ ಆಗ್ತಿರಲಿಲ್ವಾ? ದೇವರು ಮಾಫಿ ಮಾಡಿದ್ದಾರೆ ಅಂತೀರಿ, ಮತ್ತೆ ನನ್ನ ಹತ್ರ ಎಂತಕ್ಕೆ ಬಂದ್ರಿ?" ಎಂದು ಕೇಳಿದರು.

ಅವರು ಕುಚೋದ್ಯಕ್ಕೆ ಕೇಳಿದ್ದಲ್ಲ. ನಿಜವಾಗಿ ತಿಳಿಯಬೇಕಿತ್ತು. ನನಗೆ ಮತ್ತಾಯನೂ ಜಕ್ಕಾಯನೂ ಯಾರೂ ನೆನಪಿಗೆ ಬರಲಿಲ್ಲ. "ದೇವರೇ ಕಳಿಸಿದ್ದು" ಎಂದುಬಿಟ್ಟೆ. ಆಗ ಅವರು, 1985ರ ಮಳೆಗಾಲದಲ್ಲಿ ಹಾಲು ಕೊಡುವ ಹಸುವನ್ನು ಮಾರಬೇಕಾಗಿ ಬಂದದ್ದು, ಮಗು ಎರಡು ದಿನ ಹಟ್ಟಿಯ ಬಾಗಿಲಲ್ಲಿ ಕೂತು ಅತ್ತದ್ದು ಹೇಳಿದರು. ಆ ಹಸು ಹೋದದ್ದು ನನ್ನಿಂದ ಎಂದು ಹೇಳಲಿಲ್ಲ. ಸುಮ್ಮನೆ ಹೇಳಿದರು.

ಹೊರಡುವಾಗ ಅಂಗಳದ ತುದಿಯಲ್ಲಿ ನಿಂತು, "ಅಕ್ಕ, ಕ್ಷಮಿಸಿದ್ದೇನೆ ಅಂತ ಒಂದು ಮಾತು" ಎಂದೆ. "ಹೋಗಿ ಬನ್ನಿ, ಮಳೆ ಬರುವ ಹಾಗೆ ಉಂಟು" ಎಂದರು.

ಆ ರಾತ್ರಿ ನಿದ್ದೆ ಬರಲಿಲ್ಲ. ದುಡ್ಡು ಕೊಟ್ಟ ಮೇಲೆ ಹಗುರ ಆಗುತ್ತದೆಂದು ತಿಳಿದಿದ್ದೆ, ಭಾರ ಹೆಚ್ಚಾಯಿತು. ಮರುವಾರ ಅದೇ ಗುರುಗಳನ್ನು ಹುಡುಕಿಕೊಂಡು ಹೋದೆ. ಎಲ್ಲ ಕೇಳಿ ಅವರು ಒಂದು ಪ್ರಶ್ನೆ ಹಾಕಿದರು. "ಯೇಸುವನ್ನು ಹಿಡಿದುಕೊಟ್ಟ ಯೂದ ಆ ಮೂವತ್ತು ಬೆಳ್ಳಿ ನಾಣ್ಯ ಏನು ಮಾಡಿದ, ಗೊತ್ತುಂಟಾ?"

ಹಿಂದೆ ಕೊಟ್ಟ. ಯಾಜಕರ ಮುಂದೆ ತಪ್ಪು ಒಪ್ಪಿಕೊಂಡ, ದೇವಾಲಯದಲ್ಲಿ ನಾಣ್ಯ ಎಸೆದ, ಹೋಗಿ ನೇಣು ಹಾಕಿಕೊಂಡ. ಲೆಕ್ಕದ ಪ್ರಕಾರ ಅವನದು ಚುಕ್ತಾ. ಅದೇ ರಾತ್ರಿ ಪೇತ್ರ ಆ ಮನುಷ್ಯನನ್ನು ನಾನು ಅರಿಯೆನೆಂದು ಮೂರು ಸಲ ಹೇಳಿದ, ಕೋಳಿ ಕೂಗಿತು, ಹೊರಗೆ ಹೋಗಿ ಅತ್ತ. ಅವನು ಹಿಂದೆ ಕೊಡಲು ಕೈಯಲ್ಲಿ ಏನೂ ಇರಲಿಲ್ಲ. ಆದರೆ ಉಳಿದವರನ್ನು ಬಿಟ್ಟು ಹೋಗಲಿಲ್ಲ, ಆಮೇಲೆ ಸಮುದ್ರದ ದಡದಲ್ಲಿ ಯೇಸು ಕಂಡಾಗ ದೋಣಿಯಿಂದ ನೀರಿಗೆ ಹಾರಿ ಅವನ ಕಡೆಗೆ ಹೋದ. ಇಬ್ಬರಿಗೂ ತಾಪ ಇತ್ತು. ಒಬ್ಬನು ತಿರುಗಿಕೊಂಡ, ಇನ್ನೊಬ್ಬನಿಗೆ ತಿರುಗಿದರೆ ಅಲ್ಲಿ ಯಾರೋ ಇದ್ದಾರೆಂಬ ನಂಬಿಕೆ ಬರಲಿಲ್ಲ.

"ಆ ಹೆಂಗಸು ಕ್ಷಮಿಸಬೇಕು ಅಂತ ಕೇಳುವ ಹಕ್ಕು ನಿನಗಿಲ್ಲ" ಎಂದರು ಗುರುಗಳು. "ಕ್ಷಮಿಸಿದರೆ ಅದು ಅವಳ ದೊಡ್ಡತನ. ಕೊಡುವುದು ನಿನ್ನ ಕೆಲಸ. ದೇವರು ಕೊಟ್ಟದ್ದನ್ನು ಅನುಮಾನ ಮಾಡುವುದು ಮಾತ್ರ ನಿನ್ನ ಕೆಲಸ ಅಲ್ಲ."

ಮತ್ತಾಯನ ಇನ್ನೊಂದು ಸಾಮತಿಯನ್ನು ಅವರು ಅಂದು ನೆನಪಿಸಿದರು. ರಾಜನಿಗೆ ಒಬ್ಬ ಸೇವಕ ಹತ್ತು ಸಾವಿರ ತಲಾಂತು ಸಾಲ ಕೊಡಬೇಕಿತ್ತು. ರಾಜ ಪೂರ್ತಿ ಬಿಟ್ಟ. ಆ ಸೇವಕ ಹೊರಗೆ ಬಂದವನೇ ತನಗೆ ನೂರು ದೀನಾರಿ ಕೊಡಬೇಕಾದವನ ಕುತ್ತಿಗೆ ಹಿಡಿದ. ಒಂದು ದೀನಾರಿ ಆ ಕಾಲದ ಒಂದು ದಿನದ ಕೂಲಿ, ಒಂದು ತಲಾಂತು ಆರು ಸಾವಿರ ದೀನಾರಿ. ವ್ಯಾಪಾರಿಯ ಬುದ್ಧಿ ನೋಡಿ, ಮನೆಗೆ ಬಂದು ಲೆಕ್ಕ ಹಾಕಿದೆ. ಹತ್ತು ಸಾವಿರ ತಲಾಂತು ಅಂದರೆ ಆರು ಕೋಟಿ ದಿನದ ಕೂಲಿ. ಒಬ್ಬ ಮನುಷ್ಯ ರಜೆ ಇಲ್ಲದೆ ದುಡಿದರೆ 1,64,000 ವರ್ಷಕ್ಕೂ ಮಿಕ್ಕಿ. ಮತ್ತೊಬ್ಬನದು ನೂರು ದಿನದ್ದು, ಮೂರು ತಿಂಗಳು ಚಿಲ್ಲರೆ. ಆ ಲೆಕ್ಕ ಮುಗಿಸಿದ ಮೇಲೆ, ನನಗೆ ಬಾಕಿ ಇಟ್ಟಿದ್ದ ಇಬ್ಬರ ಹೆಸರನ್ನು ಕಿರ್ದಿಯ ಕಡೆಯ ಪುಟದಲ್ಲಿ ಗೀಟೆಳೆದು ತೆಗೆದೆ. ಸಣ್ಣ ಮೊತ್ತವೇ. ಹೆಂಡತಿಗೆ ಹೇಳಲಿಲ್ಲ.

ಆ ಅಕ್ಕ ಆಮೇಲೆ ಹನ್ನೆರಡು ವರ್ಷ ಬದುಕಿದ್ದರು. ಪೇಟೆಯಲ್ಲಿ ಸಿಕ್ಕಿದರೆ "ಹೇಗಿದ್ದೀರಿ ಪೊರ್ಬುಗಳೇ" ಎನ್ನುತ್ತಿದ್ದರು, ಮಕ್ಕಳ ಕ್ಷೇಮ ಕೇಳುತ್ತಿದ್ದರು. ಆ ವಿಷಯ ಇಬ್ಬರೂ ಎತ್ತಲಿಲ್ಲ. ಅವರು ಹಿಂದೆ ಕೊಟ್ಟ 12 ಕಿಲೊದ ದುಡ್ಡನ್ನು, ವಾರಸುದಾರ ಸಿಗದ ದುಡ್ಡನ್ನು ಬಡವರಿಗೆ ಕೊಡಬೇಕೆಂಬ ನಮ್ಮ ಸಭೆಯ ಪದ್ಧತಿಯಂತೆ, ಒಂದು ಮನೆಯ ಅಕ್ಕಿಗೆ ಕೊಟ್ಟೆ. ಮುಂಗಡವಾಗಿ ಅಲ್ಲ.

ಕಳೆದ ಮಳೆಗಾಲದ ಮೊದಲು ಮಾಡು ರಿಪೇರಿಗೆಂದು ಅಟ್ಟ ಖಾಲಿ ಮಾಡುವಾಗ ಆ ಕಿರ್ದಿ ಪುಸ್ತಕ ಮತ್ತೆ ಕೈಗೆ ಬಂತು. ಅಂಚು ಗೆದ್ದಲು ತಿಂದಿದೆ, ಅಕ್ಷರ ಉಳಿದಿದೆ. ಹನ್ನೊಂದು ಹೆಸರಿನಲ್ಲಿ ಐದಕ್ಕೆ ಕೈಯಾರೆ ಮುಟ್ಟಿಸಿದ್ದೇನೆ. ನಾಲ್ವರ ಮನೆಯವರ ಪತ್ತೆ ಸಿಗದೆ ಆ ಪಾಲು ಬಡವರಿಗೆ ಹೋಯಿತು. ಎರಡು ಹೆಸರಿಗೆ ಗೀಟು ಇಲ್ಲ. ಮೂವತ್ತು ವರ್ಷ ಕಳೆದರೂ ಯಾಕೆ ಹೋಗಲಿಲ್ಲ ಎಂದು ಕೇಳಿದರೆ ಉದಾಸೀನ ಎನ್ನಬೇಕಷ್ಟೆ, ಬೇರೆ ಕಾರಣವಿಲ್ಲ. ಒಬ್ಬರ ಮಗ ಪೆರ್ಲದ ಹತ್ತಿರ ಇದ್ದಾರಂತೆ. ಇನ್ನೊಬ್ಬರ ಮಗಳನ್ನು ಗಡಿಯಾಚೆ ವಿಟ್ಲದ ಕಡೆಗೆ ಕೊಟ್ಟಿದ್ದಾರೆಂದು ಕೇಳಿದ್ದೇನೆ. 17 ಗೋಣಿ ಮತ್ತು 9 ಗೋಣಿ. ಈ ವಾರದ ಚಾಲಿ ದರ ನೋಡಿ ಹೊರಡಬೇಕು.